ಹಳೆ ಔಟ್‌ಬೋರ್ಡ್ ಇಂಜಿನ್‌ನ ಕಾರ್ಬೊರೇಟರ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಲ್ಪೆ, ಪಡುಕೆರೆ, ಕೋಡಿಬೆಂಗ್ರೆ, ಹೆಜಮಾಡಿ, ಗಂಗೊಳ್ಳಿ, ಮಂಗಳೂರಿನ ಬೆಂಗ್ರೆ ಕಡೆಯ ದೋಣಿಯವರು ಎದುರು ಬಂದು, ಫೋನಿನಲ್ಲಿ, ಕಾಗದ ಬರೆದು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮೇ ಕೊನೆಗೆ ಇವು ಹೆಚ್ಚಾಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. 10 ಎಚ್‌ಪಿ ಒಳಗಿನ ಇಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅದೇ ದುಡಿಮೆಯ ಕಾಲ. ಆಗ ಇಂಜಿನ್ ಕೈಕೊಟ್ಟರೆ ಆ ವರ್ಷದ ಗಳಿಕೆಗೇ ಪೆಟ್ಟು. ಔಟ್‌ಬೋರ್ಡ್ ಎಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್. ಇಲ್ಲಿರುವುದೆಲ್ಲ ಟು-ಸ್ಟ್ರೋಕ್, ಅಂದರೆ ಆಯಿಲನ್ನು ಪೆಟ್ರೋಲ್‌ಗೇ ಬೆರೆಸಿ ಓಡಿಸುವ, ಇಂಜಿನ್‌ಗಳ ವಿಚಾರ.

## ಬಿಚ್ಚುವ ಮೊದಲು

ಕಾರ್ಬೊರೇಟರ್ ಒಳಗೆ ನಿಜವಾಗಿ ಏನು ಆಗ್ತದೆ? ಯಾರೂ ಬಿಡಿಸಿ ಹೇಳೂದಿಲ್ಲ.

ಪಿಸ್ಟನ್ ಮೇಲಕ್ಕೆ ಹೋದಾಗ ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಇಳಿದು ಗಾಳಿ ಒಳಕ್ಕೆ ನುಗ್ಗುತ್ತದೆ. ಆ ಗಾಳಿ ಕಾರ್ಬೊರೇಟರ್‌ನ ನಡುವಿನ ಕಿರಿದಾದ ಜಾಗ ದಾಟುವಾಗ ಅದರ ವೇಗ ಏರುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಕೆಳಗಿನ ಬೌಲ್‌ನಲ್ಲಿ ನಿಂತ ಪೆಟ್ರೋಲ್ ಆ ಸೆಳೆತಕ್ಕೆ ಜೆಟ್ (ಅಳತೆಯ ಸಣ್ಣ ತೂತಿರುವ ಹಿತ್ತಾಳೆ ತುಂಡು) ಮೂಲಕ ಮೇಲೆ ಬಂದು ಗಾಳಿಯೊಂದಿಗೆ ಸೇರುತ್ತದೆ. ಬೌಲ್‌ನಲ್ಲಿ ಪೆಟ್ರೋಲ್ ಒಂದೇ ಮಟ್ಟದಲ್ಲಿ ಇರುವಂತೆ ನೋಡಿಕೊಳ್ಳುವುದು ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಮತ್ತು ಅದು ಏರಿದಾಗ ದಾರಿ ಮುಚ್ಚುವ ನೀಡಲ್ ವಾಲ್ವ್. ನಿಧಾನ ಓಟಕ್ಕೆ ಪೈಲಟ್ ಜೆಟ್, ಪೂರ್ತಿ ಎಳೆತಕ್ಕೆ ಮೇನ್ ಜೆಟ್, ನಡುವಿನ ವೇಗಕ್ಕೆ, ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಯ ಹತ್ತಿರ ಇರುವ ಸಣ್ಣ ಬೈಪಾಸ್ ತೂತುಗಳು. ಇಂಜಿನ್ ಯಾವ ವೇಗದಲ್ಲಿ ತಕರಾರು ಮಾಡುತ್ತದೆ ಎಂದು ಗಮನಿಸಿದರೆ ಯಾವ ದಾರಿ ಕಟ್ಟಿದೆ ಎಂದು ಅರ್ಧ ತಿಳಿದ ಹಾಗೆ.

ಇಂಜಿನ್ ಸ್ಟಾರ್ಟ್ ಆಗುದಿಲ್ಲ. ಕಾರ್ಬೊರೇಟರೇ ಬಿಚ್ಚಬೇಕಾ?

ಬೇಡ, ಮೊದಲು ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ ನೋಡಿ. ಅದು ಮುಚ್ಚಿದ್ದರೆ ಇಂಜಿನ್ ಸ್ವಲ್ಪ ಹೊತ್ತು ಓಡಿ, ಟ್ಯಾಂಕ್ ಒಳಗೆ ನಿರ್ವಾತ ಉಂಟಾಗಿ, ನಿಲ್ಲುತ್ತದೆ. ಆಮೇಲೆ ಕೈಪಂಪಿನ ಬಲ್ಬ್ ಒತ್ತಿ. ಅದರ ಮೇಲಿನ ಬಾಣ ಇಂಜಿನ್ ಕಡೆಗಿರಬೇಕು, ನಾಲ್ಕೈದು ಸಲ ಒತ್ತಿದಾಗ ಗಟ್ಟಿಯಾಗಬೇಕು. ಗಟ್ಟಿಯೇ ಆಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಹೆಚ್ಚಾಗಿ ಪೈಪ್ ತುದಿಯ ಕನೆಕ್ಟರ್‌ನ ಒ-ರಿಂಗ್ ಸವೆದಿರುತ್ತದೆ. ಓಡುವಾಗ ಬಲ್ಬ್ ಒತ್ತುತ್ತಾ ಇದ್ದರೆ ಮಾತ್ರ ಇಂಜಿನ್ ನಡೆಯುತ್ತದೆ ಎಂದಾದರೆ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಪೂರೈಕೆಯಲ್ಲೇ ತೊಂದರೆ. ಫ್ಯುಯೆಲ್ ಪಂಪಿನ ಡಯಾಫ್ರಾಮ್ (ತೆಳು ಪೊರೆ) ಹರಿದಿರುವುದು ಇದಕ್ಕೆ ಸಾಮಾನ್ಯ ಕಾರಣ.

ಇಷ್ಟೂ ಸರಿ ಇದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಡಿ ನೋಡಿ, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಯಿರಿ. ಎರಡು ಸಿಲಿಂಡರ್‌ಗಳ ನಡುವೆ ಕಂಪ್ರೆಷನ್ ತುಂಬಾ ವ್ಯತ್ಯಾಸ ಇದ್ದರೆ ಕಾರ್ಬೊರೇಟರ್ ಎಷ್ಟು ತೊಳೆದರೂ ಪ್ರಯೋಜನ ಇಲ್ಲ. ಕೊನೆಯದಾಗಿ ಬೌಲ್‌ನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಇಳಿಸಿ. ತಳದಲ್ಲಿ ಗುಂಡುಗುಂಡಾಗಿ ನೀರು, ಹಸಿರು ಅಂಟು ಅಥವಾ ಬಿಳಿ ಪುಡಿ ಕಂಡರೆ, ಹೌದು, ಬಿಚ್ಚಬೇಕು.

ಚೋಕ್ ಎಳೆದ್ರೆ ಓಡ್ತದೆ, ಚೋಕ್ ಬಿಟ್ಟ ಕೂಡ್ಲೆ ಬಂದ್ ಆಗ್ತದೆ ಮಾರಾಯ್ರೆ. ಎಂತ ಮಾಡೂದು?

ಚೋಕ್ ಗಾಳಿಯ ಬಾಯಿಯನ್ನು ಮುಚ್ಚಿ ಸೆಳೆತ ಹೆಚ್ಚಿಸುತ್ತದೆ. ಆಗ ಮಾತ್ರ ಓಡುತ್ತದೆ ಎಂದರೆ ಉಳಿದ ಹೊತ್ತು ಪೆಟ್ರೋಲ್ ಸಾಲುತ್ತಿಲ್ಲ. ಹೆಚ್ಚಾಗಿ ಪೈಲಟ್ ಜೆಟ್ ಕಟ್ಟಿರುತ್ತದೆ, ಅದರ ತೂತು ಕೂದಲಿನಷ್ಟು ಸಣ್ಣದು. ಕಾರ್ಬೊರೇಟರ್ ಮತ್ತು ಇಂಜಿನ್ ನಡುವಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೀಳಿ ಬದಿಯಿಂದ ಗಾಳಿ ಎಳೆದರೂ ಇದೇ ಲಕ್ಷಣ. ಕಾರ್ಬೊರೇಟರ್ ಹಿಡಿದಿರುವ ನಟ್‌ಗಳು ಬಿಗಿಯಾಗಿವೆಯೇ ಎಂದು ಮೊದಲು ನೋಡಿ.

ಸ್ವಲ್ಪ ಕಟ್ಟಿಕೊಂಡರೂ ಓಡ್ತದಲ್ಲ, ಸೀಸನ್ ಮುಗಿಯುವವರೆಗೆ ಹಾಗೇ ನಡೆಸಬಹುದಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಎಂದಾದರೆ ಇದನ್ನೇ ಓದಿ.

ಕಾರಿನ ಇಂಜಿನ್‌ಗೆ ಆಯಿಲ್ ಬೇರೆ ಕಡೆ ಇರುತ್ತದೆ. ನಮ್ಮ ಟು-ಸ್ಟ್ರೋಕ್ ಔಟ್‌ಬೋರ್ಡ್‌ನಲ್ಲಿ ಪಿಸ್ಟನ್‌ಗೆ, ಕ್ರ್ಯಾಂಕ್ ಬೇರಿಂಗ್‌ಗೆ ಸಿಗುವ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ, ಅದೇ ಜೆಟ್ ಮೂಲಕವೇ. ಮೇನ್ ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲ್ ಅರ್ಧ, ಆಯಿಲ್ ಕೂಡ ಅರ್ಧ. ಸಾಲದ್ದಕ್ಕೆ ಪೆಟ್ರೋಲ್ ಕಡಿಮೆಯಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಬಿಸಿ ಏರುತ್ತಾ, ಜಾರಿಕೆ ಇಳಿಯುತ್ತಾ ಹೋಗಿ ಪೂರ್ತಿ ವೇಗದಲ್ಲಿ ಇರುವಾಗ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅದು ಆಗುವುದು ದಡದಲ್ಲಲ್ಲ, ಅಳಿವೆಬಾಗಿಲು ದಾಟಿ, ಅಲೆಗೆ ಎದುರಾಗಿ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ. ದೋಣಿಯಲ್ಲಿ ಜನ ಇರುತ್ತಾರೆ. ಕಾರ್ಬೊರೇಟರ್ ತೊಳೆಯುವುದಕ್ಕೆ ಅರ್ಧ ದಿನ ಸಾಕು. ಕಚ್ಚಿದ ಪಿಸ್ಟನ್‌ಗೆ ಬೋರಿಂಗ್, ಹೊಸ ಪಿಸ್ಟನ್, ರಿಂಗ್ ಎಲ್ಲ ಬೇಕು, ಅದೂ ಬಿಡಿಭಾಗ ಸಿಕ್ಕಿದರೆ.

## ಸೀಮೆಎಣ್ಣೆ, ಪೆಟ್ರೋಲ್, ಆಯಿಲ್

ನಮ್ಮದು ಸೀಮೆಎಣ್ಣೆ ಇಂಜಿನ್. ಸಂಜೆ ಚೆಂದ ಓಡಿದ್ದು ಬೆಳಿಗ್ಗೆ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಇಲ್ಲ.

ಸಂಜೆ ನಿಲ್ಲಿಸುವ ಮೊದಲು ಪೆಟ್ರೋಲ್‌ಗೆ ತಿರುಗಿಸಿದ್ದೀರಾ? ನಮ್ಮ ಕಡಲಲ್ಲಿ ಹೆಚ್ಚು ಕಾಣುವ ಯಮಹಾ, ಸುಝುಕಿ ಸೀಮೆಎಣ್ಣೆ ಮಾದರಿಗಳು ಪೆಟ್ರೋಲ್‌ನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಗುವಂಥವು. ಪೆಟ್ರೋಲ್ ಸೊನ್ನೆಗಿಂತ ಎಷ್ಟೋ ಕೆಳಗಿನ ತಾಪದಲ್ಲೂ ಉರಿಯುವಷ್ಟು ಆವಿ ಬಿಡುತ್ತದೆ. ಸೀಮೆಎಣ್ಣೆಗೆ 35 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಬೇಕು. ಮಳೆಗಾಲದ ಬೆಳಿಗ್ಗೆ ತಣ್ಣಗಿನ ಇಂಜಿನ್‌ನ ಬೌಲ್ ತುಂಬಾ ಸೀಮೆಎಣ್ಣೆ ನಿಂತಿದ್ದರೆ ಅದು ಆವಿಯಾಗದೆ ಪ್ಲಗ್ ಒದ್ದೆ ಮಾಡುತ್ತದೆ ಅಷ್ಟೆ.

ಬೌಲ್‌ನ ಡ್ರೈನ್ ಸ್ಕ್ರೂ ತೆಗೆದು ಸೀಮೆಎಣ್ಣೆ ಪೂರ್ತಿ ಇಳಿಸಿ, ಪ್ಲಗ್ ಒರೆಸಿ, ಪೆಟ್ರೋಲ್ ಟ್ಯಾಪ್ ತೆರೆದು ಬಲ್ಬ್ ಒತ್ತಿ ಎಳೆಯಿರಿ. ಬಹಳ ಸಲ ಇಷ್ಟಕ್ಕೇ ಸರಿಯಾಗುತ್ತದೆ. ಇನ್ನು ಮುಂದೆ ದಡ ಕಾಣುವಾಗಲೇ ಪೆಟ್ರೋಲ್‌ಗೆ ತಿರುಗಿಸಿ, ಪೈಪಿನಲ್ಲಿ, ಬೌಲ್‌ನಲ್ಲಿ ಇರುವ ಸೀಮೆಎಣ್ಣೆ ಮುಗಿಯುವಷ್ಟು ಹೊತ್ತು ಓಡಿಸಿ ಆಮೇಲೆ ನಿಲ್ಲಿಸಿ.

ಪೆಟ್ರೋಲ್ ಇಂಜಿನ್‌ಗೆ ಜೆಟ್ ಬದಲಿಸಿ ಸೀಮೆಎಣ್ಣೆ ಹಾಕಬಹುದು ಅಂತಾರೆ. ನಿಜವಾ?

ಜೆಟ್ ಬದಲಿಸಿದ ಮಾತ್ರಕ್ಕೆ ಆಗುವುದಿಲ್ಲ. ಸೀಮೆಎಣ್ಣೆಯ ಆಕ್ಟೇನ್ (ತಾನಾಗಿ ಸಿಡಿಯದೆ ತಡೆಯುವ ಗುಣ) ತುಂಬಾ ಕಡಿಮೆ, ಹೆಚ್ಚಿನ ಕಂಪ್ರೆಷನ್‌ನಲ್ಲಿ ಅದು ಕಿಡಿಗೆ ಕಾಯದೆ ಸಿಡಿಯುತ್ತದೆ. ಅದಕ್ಕೇ ಕಂಪೆನಿಯವರು ಸೀಮೆಎಣ್ಣೆ ಮಾದರಿಯನ್ನು ಕಡಿಮೆ ಕಂಪ್ರೆಷನ್‌ಗೆ ಮಾಡಿರುತ್ತಾರೆ. ಪೆಟ್ರೋಲ್ ಮಾದರಿಯಲ್ಲಿ ಸೀಮೆಎಣ್ಣೆ ಓಡಿಸಿದರೆ ಟಕಟಕ ಬಡಿತ ಕೇಳುತ್ತದೆ, ಪಿಸ್ಟನ್ ತಲೆ ತೂತಾಗುವುದು ಅದರಿಂದಲೇ.

ಆಯಿಲ್ ಎಷ್ಟು ಹಾಕಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಒಂದೊಂದು ಇಂಜಿನ್‌ಗೆ ಒಂದೊಂದು ಅಳತೆ ಇರುವುದರಿಂದ ಹಾಗೆ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ, 100ಕ್ಕೆ 1 ಎಂದರೆ 10 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ನಿಮ್ಮ ಮಾದರಿಯ ಕೈಪಿಡಿ ಹೇಳಿದ್ದನ್ನೇ ಹಿಡಿಯಿರಿ. ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಎಂದು ಇರುವ ಆಯಿಲ್ ತನ್ನಿ, ಅದು ನೀರಿನಿಂದ ತಣ್ಣಗಾಗುವ ಟು-ಸ್ಟ್ರೋಕ್ ಇಂಜಿನ್‌ಗೆಂದೇ ಇರುವ ದರ್ಜೆ. ಹಳೆ ಸ್ಕೂಟರಿನ ಆಯಿಲ್ ಗಾಳಿಯಿಂದ ತಣ್ಣಗಾಗುವ ಇಂಜಿನ್‌ಗೆ. ಹೆಚ್ಚು ಹಾಕಿದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಇದೆ. ಅತಿಯಾದರೆ ಪ್ಲಗ್ ಕಪ್ಪಾಗುತ್ತದೆ, ಕಾರ್ಬನ್ ಕಟ್ಟುತ್ತದೆ, ಆಯಿಲ್ ಆಕ್ರಮಿಸಿದ ಜಾಗದಷ್ಟು ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ.

ಪೆಟ್ರೋಲ್ ಕ್ಯಾನ್ ತಳದಲ್ಲಿ ನೀರಿನ ಹಾಗೆ ಬೇರೆ ಪದರ ಕಾಣ್ತದೆ. ಬಂಕ್‌ನವರು ನೀರು ಬೆರೆಸಿದ್ದಾ?

ಹಾಗೆ ತೀರ್ಮಾನಿಸಬೇಡಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದೆ. ಎಥನಾಲ್ ನೀರನ್ನು ಹೀರುತ್ತದೆ, ಕರಾವಳಿಯ ಗಾಳಿಯಲ್ಲಿ ನೀರಿನ ಅಂಶಕ್ಕೆ ಬರ ಇಲ್ಲ. ಅರ್ಧ ತುಂಬಿದ ಕ್ಯಾನ್‌ನ ಒಳಗೋಡೆಯಲ್ಲಿ ರಾತ್ರಿ ಬೆವರಿದ ಹನಿ, ದೋಣಿಯಲ್ಲಿ ಮುಚ್ಚಳದಿಂದ ಇಳಿದ ಮಳೆನೀರು ಎಲ್ಲ ಸೇರಿ ಒಂದು ಮಿತಿ ದಾಟಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ತಳಕ್ಕೆ ಇಳಿಯುತ್ತವೆ.

ನೀವು ಬೆರೆಸಿದ ಟು-ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ, ಟ್ಯಾಂಕಿನ ಪೈಪ್ ಎಳೆಯುವುದು ತಳದಿಂದ. ಅಂದರೆ ಇಂಜಿನ್‌ಗೆ ಆಯಿಲ್ ಇಲ್ಲದ ನೀರು-ಎಥನಾಲ್ ಹೋಗುತ್ತದೆ. ಕಾರ್ಬೊರೇಟರ್ ಬೌಲ್‌ನ ಅಲ್ಯೂಮಿನಿಯಂ, ಸತು ಮಿಶ್ರಲೋಹ ತಿಂದು ಬಿಳಿ ಪುಡಿ ಮಾಡುವುದೂ ಈ ಪದರವೇ. ಪದರ ಕಂಡ ಪೆಟ್ರೋಲನ್ನು ಅಲುಗಾಡಿಸಿ ಬಳಸಬೇಡಿ. ಬೇಕಾದಷ್ಟೇ ತನ್ನಿ, ಅದೇ ವಾರ ಮುಗಿಸಿ, ಟ್ಯಾಂಕ್ ಮತ್ತು ಇಂಜಿನ್ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ. ನನ್ನ ಕೈಗೆ ಬರುವ ಕಾರ್ಬೊರೇಟರ್‌ಗಳಲ್ಲಿ ಸವೆದು ಹಾಳಾದವು ಕಡಿಮೆ. ಟ್ಯಾಂಕಿನಿಂದ ಬಂದ ಕೊಳೆಗೆ ಹಾಳಾದವೇ ಹೆಚ್ಚು.

## ಬಿಚ್ಚುವುದು, ತೊಳೆಯುವುದು

ಮನೆಯಲ್ಲೇ ಮಾಡ್ಲಿಕ್ಕೆ ಏನೆಲ್ಲ ಬೇಕು?

ಒಳ್ಳೆಯ ಸ್ಕ್ರೂಡ್ರೈವರ್, ಸ್ಪ್ಯಾನರ್ ಸೆಟ್, ಜೆಟ್‌ನ ಸೀಳಿಗೆ ಸರಿಯಾಗಿ ಕೂರುವ ಅಗಲದ ಚಪ್ಪಟೆ ಸ್ಕ್ರೂಡ್ರೈವರ್, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಹಳೆ ಹಲ್ಲುಜ್ಜುವ ಬ್ರಷ್, ಕಣ್ಣಿಗೆ ಕನ್ನಡಕ. ಒತ್ತಡದ ಗಾಳಿ ಬೇಕಾದಾಗ ಹತ್ತಿರದ ಪಂಕ್ಚರ್ ಅಂಗಡಿಯವರನ್ನು ಕೇಳಿ. ಬಿಚ್ಚಿದ ಭಾಗಗಳನ್ನು ಕ್ರಮವಾಗಿ ಇಡುವುದಕ್ಕೆ ಮನೆಯ ಹಳೆ ಇಡ್ಲಿ ತಟ್ಟೆಗಿಂತ ಒಳ್ಳೆಯದು ಯಾವುದೂ ಇಲ್ಲ: ಒಂದು ಗುಳಿಗೆ ಒಂದು ಭಾಗ. ಆಮೇಲೆ ಅದನ್ನು ಅಡುಗೆಮನೆಗೆ ವಾಪಸ್ ಕೊಡಬೇಡಿ.

ಜಾಗ ಬಯಲಾಗಿರಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ದೋಣಿಯ ತಳದಲ್ಲಿ, ಶೆಡ್‌ನ ಮೂಲೆಯಲ್ಲಿ ನಿಲ್ಲುತ್ತದೆ. ಅದಕ್ಕೆ ಬೀಡಿಯ ಕಿಡಿ ಸಾಕು. ದೇವರ ದೀಪ ಇರುವ ಜಗಲಿಯಲ್ಲೂ ಈ ಕೆಲಸ ಬೇಡ.

ಸ್ಕ್ರೂ ಬರೂದೇ ಇಲ್ಲ, ತಲೆ ಸವೆದು ಹೋಗ್ತಾ ಉಂಟು.

ಜಪಾನಿ ಇಂಜಿನ್‌ಗಳ ನಾಲ್ಕು ಸೀಳಿನ ಸ್ಕ್ರೂ ನೋಡಲು ಸಾಮಾನ್ಯ ಸ್ಟಾರ್ ಸ್ಕ್ರೂ ಹಾಗೇ ಇರುತ್ತದೆ, ಆದರೆ ಅದರ ಆಕಾರ ಜಪಾನಿನ ಜೆಐಎಸ್ ಮಾನಕದ್ದು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರ ತಳಕ್ಕೆ ಕೂರದೆ ಜಾರುತ್ತದೆ, ತಲೆ ಸವೆಯುವುದು ಅದಕ್ಕೇ. ಜೆಐಎಸ್ ಬಿಟ್ ಒಂದು ತರಿಸಿಕೊಳ್ಳಿ.

ಉಪ್ಪು ಹಿಡಿದು ಕಚ್ಚಿದ ಸ್ಕ್ರೂಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಹಗುರಾಗಿ ತಟ್ಟಿ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಸಡಿಲಿಸಿ. ಬಿಸಿ ಕೊಡಲೇಬೇಕಾದರೆ ಕಾರ್ಬೊರೇಟರನ್ನು ಇಂಜಿನ್‌ನಿಂದ ಬೇರ್ಪಡಿಸಿ, ಪೆಟ್ರೋಲ್ ಪೂರ್ತಿ ಆರಿದ ಮೇಲೆ ಕುದಿಯುವ ನೀರಿನಲ್ಲಿ ಇಡಿ. ಬೆಂಕಿ ಹಿಡಿಯುವುದು ಬೇಡ.

ಬಿಚ್ಚುವ ಕ್ರಮ ಹೇಗೆ? ವಾಪಸ್ ಜೋಡಿಸುವಾಗ ಗೊತ್ತಾಗದಿದ್ದರೆ?

ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಲಿಂಕ್ ಕಡ್ಡಿಗಳು ಯಾವ ತೂತಿನಲ್ಲಿ ಇದ್ದವು ಎಂಬುದನ್ನು ವಿಶೇಷವಾಗಿ. ಪೆಟ್ರೋಲ್ ಪೈಪ್ ಕಳಚಿ, ಗಾಳಿಯ ಸೈಲೆನ್ಸರ್ ಪೆಟ್ಟಿಗೆ ತೆಗೆದು, ಚೋಕ್ ಮತ್ತು ಥ್ರಾಟಲ್ ಲಿಂಕ್ ಬಿಡಿಸಿ, ಎರಡು ನಟ್ ತೆಗೆದರೆ ಕಾರ್ಬೊರೇಟರ್ ಕೈಗೆ ಬರುತ್ತದೆ. ಕೂಡಲೇ ಇಂಜಿನ್ ಕಡೆಯ ಬಾಯಿಗೆ ಬಟ್ಟೆ ತುರುಕಿ, ಒಂದು ವಾಷರ್ ಅಲ್ಲಿಗೆ ಬಿದ್ದರೆ ಕೆಲಸ ದೊಡ್ಡದಾಗುತ್ತದೆ.

ಬೌಲ್ ತೆಗೆದು, ಫ್ಲೋಟ್‌ನ ಸಣ್ಣ ಪಿನ್ ಎಳೆದರೆ ಫ್ಲೋಟ್ ಮತ್ತು ನೀಡಲ್ ಒಟ್ಟಿಗೆ ಬರುತ್ತವೆ. ನಿಧಾನ ಓಟದ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಹಗುರಾಗಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಡಿ. ತಳ ಮುಟ್ಟಿದ ಮೇಲೆ ಬಿಗಿದರೆ ಸ್ಕ್ರೂವಿನ ಮೊನೆಗೂ ಅದು ಕೂರುವ ಜಾಗಕ್ಕೂ ಗಾಯವಾಗುತ್ತದೆ, ಆ ಗಾಯಕ್ಕೆ ಮದ್ದಿಲ್ಲ. ಮೇನ್ ಜೆಟ್, ನಾಝಲ್, ಪೈಲಟ್ ಜೆಟ್ ಎಲ್ಲ ಹೊರಗೆ ಬರಬೇಕು. ಬಿಚ್ಚದೆ ಸ್ಪ್ರೇ ಹೊಡೆದು ಮುಗಿಸುವವರು ಇದ್ದಾರೆ, ಅಂಥ ಕಾರ್ಬೊರೇಟರ್ ಸ್ವಲ್ಪ ದಿನಕ್ಕೆ ಮತ್ತೆ ಕಟ್ಟುತ್ತದೆ.

ಜೆಟ್ ತೂತಿಗೆ ಸೂಜಿ ಹಾಕಿ ಕುಟ್ಟಿದರೆ ಆಗುದಿಲ್ವಾ?

ಉಕ್ಕಿನ ಸೂಜಿ, ಗಿಟಾರ್ ತಂತಿ, ಬಲೆ ಹೊಲಿಯುವ ಸೂಜಿ ಯಾವುದೂ ಬೇಡ. ಜೆಟ್ ಹಿತ್ತಾಳೆಯದ್ದು, ಮೆತ್ತಗಿನ ಲೋಹ. ತೂತು ಒಂದಿಷ್ಟು ಕೆರೆದು ದೊಡ್ಡದಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಮೊದಲು ಕ್ಲೀನರ್‌ನಲ್ಲಿ ನೆನೆಸಿ. ಹೋಗದಿದ್ದರೆ ಗಾಳ ಹಾಕುವ ನೈಲಾನ್ ದಾರದ ತುಂಡು, ಅಥವಾ ಕರೆಂಟ್ ವಯರಿನ ಒಳಗಿನ ತಾಮ್ರದ ಒಂದೇ ಎಳೆ ಹಾಕಿ ನಿಧಾನ ಆಡಿಸಿ. ಬೆಳಕಿಗೆ ಹಿಡಿದು ನೋಡಿದಾಗ ತೂತು ದುಂಡಗೆ, ಅಂಚು ಚೊಕ್ಕಟವಾಗಿ ಕಾಣಬೇಕು.

ಕಾರ್ಬೊರೇಟರ್ ದೇಹದೊಳಗಿನ ಕಾಲುವೆಗಳಿಗೆ ಒಂದು ಬಾಯಿಯಿಂದ ಸ್ಪ್ರೇ ಹೊಡೆದು ಇನ್ನೊಂದು ಬಾಯಿಯಿಂದ ಹೊರಬರುವುದನ್ನು ಕಣ್ಣಾರೆ ನೋಡಿ. ಬೈಪಾಸ್ ತೂತುಗಳ ಮೇಲಿನ ಸಣ್ಣ ಮುಚ್ಚಳ ತೆಗೆಯುವಂಥದ್ದಾದರೆ ತೆಗೆದೇ ತೊಳೆಯಿರಿ. ನಡುವೇಗದಲ್ಲಿ ಮುಗ್ಗರಿಸುವ ಎಷ್ಟೋ ಇಂಜಿನ್‌ಗಳ ಕೊಳೆ ಅಲ್ಲೇ ಅಡಗಿರುತ್ತದೆ.

ಹುಣಸೆಹುಳಿ ನೀರಿನಲ್ಲಿ ಹಾಕಿಟ್ಟರೆ ಪಳಪಳ ಆಗ್ತದೆ ಅಂತ ಅಜ್ಜ ಹೇಳ್ತಿದ್ರು.

ಹಿತ್ತಾಳೆ ಪಾತ್ರೆಗೆ ಅಜ್ಜನ ಮಾತು ಖಂಡಿತ ಸರಿ. ಬಿಚ್ಚಿ ಹೊರತೆಗೆದ ಹಿತ್ತಾಳೆ ಜೆಟ್‌ನ ಹಸಿರು ಕಲೆಗೂ ಕೆಲವು ನಿಮಿಷ ಪರವಾಗಿಲ್ಲ, ಕೂಡಲೇ ಸಿಹಿನೀರಿನಲ್ಲಿ ತೊಳೆದು ಒಣಗಿಸಬೇಕು. ಕಾರ್ಬೊರೇಟರ್ ದೇಹ ಮಾತ್ರ ಅಲ್ಯೂಮಿನಿಯಂ ಅಥವಾ ಸತುವಿನ ಮಿಶ್ರಲೋಹ. ಹುಳಿ ಅದನ್ನು ತಿನ್ನುತ್ತದೆ, ಹೊಳೆದ ಮೈ ಮೇಲೆ ಮತ್ತೆ ಬೇಗ ಪುಡಿ ಏಳುತ್ತದೆ. ಲಿಂಬೆ, ವಿನೆಗರ್‌ಗೂ ಇದೇ ಮಾತು.

ಪೂರ್ತಿ ಹೊಸ ಕಾರ್ಬೊರೇಟರ್ ತರೂದಾ, ಕಿಟ್ ಸಾಕಾ?

ದೇಹ ಬಿರುಕು ಬಿಟ್ಟಿಲ್ಲ, ಥ್ರಾಟಲ್ ದಂಡ ಅತ್ತಿತ್ತ ಅಲ್ಲಾಡುವುದಿಲ್ಲ ಎಂದಾದರೆ ಕಿಟ್ ಸಾಕು. ಅದರಲ್ಲಿ ಗ್ಯಾಸ್ಕೆಟ್, ಒ-ರಿಂಗ್, ನೀಡಲ್, ಕೆಲವದರಲ್ಲಿ ನೀಡಲ್ ಕೂರುವ ಸೀಟ್ ಮತ್ತು ಫ್ಲೋಟ್ ಇರುತ್ತವೆ. ಇಂಜಿನ್ ಹೆಸರು ಹೇಳಿದರೆ ಸಾಲದು, ಇಂಜಿನ್‌ಗೆ ಅಂಟಿಸಿದ ಪಟ್ಟಿಯ ಮೇಲಿನ ಮಾದರಿ ಸಂಖ್ಯೆ ಫೋಟೊ ತೆಗೆದು ಕೊಂಡೊಯ್ಯಿರಿ. ತೀರಾ ಅಗ್ಗಕ್ಕೆ ಸಿಗುವ ನಕಲಿ ಕಾರ್ಬೊರೇಟರ್‌ಗಿಂತ ಚೆನ್ನಾಗಿ ತೊಳೆದ ಹಳೆಯ ಅಸಲಿಯೇ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸಂಖ್ಯೆಯೇ ಇಲ್ಲದ ಜೆಟ್ ಇಟ್ಟುಕೊಂಡು ಹೊಂದಾಣಿಕೆ ಮಾಡುವುದು ಹೇಗೆ?

ಗ್ಯಾಸ್ಕೆಟ್ ಸಿಗದಿದ್ದರೆ ಆಟೊಮೊಬೈಲ್ ಅಂಗಡಿಯ ಗ್ಯಾಸ್ಕೆಟ್ ಕಾಗದ ತಂದು, ಹಳೆಯದರ ದಪ್ಪಕ್ಕೇ ಕತ್ತರಿಸಿ. ಸಿಲಿಕಾನ್ ಅಂಟು ಮಾತ್ರ ಹಚ್ಚಬೇಡಿ. ಪೆಟ್ರೋಲ್ ಅದನ್ನು ಉಬ್ಬಿಸಿ ತುಂಡು ಮಾಡುತ್ತದೆ, ಆ ತುಂಡು ಹೋಗಿ ಜೆಟ್‌ಗೆ ಕೂರುತ್ತದೆ.

## ಜೋಡಣೆ, ಹೊಂದಾಣಿಕೆ

ಕಿಟ್ ಹಾಕಿದ ಮೇಲೂ ಕಾರ್ಬೊರೇಟರ್ ತುಂಬಿ ಪೆಟ್ರೋಲ್ ಚೆಲ್ತದೆ.

ನೀಡಲ್ ಕೂರುತ್ತಿಲ್ಲ, ಇಲ್ಲವೇ ಫ್ಲೋಟ್ ಮುಳುಗುತ್ತಿದೆ. ಕಾರ್ಬೊರೇಟರನ್ನು ತಲೆಕೆಳಗು ಹಿಡಿದು ಪೆಟ್ರೋಲ್ ಬರುವ ನಳಿಕೆಗೆ ಸಣ್ಣ ಪೈಪ್ ಸಿಕ್ಕಿಸಿ ಬಾಯಿಯಿಂದ ಊದಿ. ಫ್ಲೋಟ್‌ನ ಭಾರಕ್ಕೆ ನೀಡಲ್ ಮುಚ್ಚಿ ಗಾಳಿ ನಿಲ್ಲಬೇಕು. ನೇರ ಹಿಡಿದಾಗ ಸಲೀಸಾಗಿ ಹೋಗಬೇಕು. ತಲೆಕೆಳಗಿನಲ್ಲೂ ಸೋರಿದರೆ ನೀಡಲ್ ಮೊನೆಯಲ್ಲಿ ಉಂಗುರದ ಗುರುತು ಬಿದ್ದಿದೆಯೇ, ಸೀಟ್‌ನಲ್ಲಿ ಕೊಳೆ ಇದೆಯೇ ನೋಡಿ.

ಹಿತ್ತಾಳೆ ಫ್ಲೋಟ್ ಆದರೆ ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ತೂತಾಗಿದೆ. ಸದ್ದಿಲ್ಲದಿದ್ದರೂ ಸಂಶಯ ಇದ್ದರೆ ಬಿಸಿನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದ ಜಾಗವೇ ತೂತು. ಬೆಸುಗೆ ಹಾಕಿದರೆ ಫ್ಲೋಟ್ ಭಾರವಾಗಿ ಬೌಲ್‌ನ ಮಟ್ಟ ಏರುತ್ತದೆ, ಸಿಕ್ಕಿದರೆ ಹೊಸದನ್ನೇ ಹಾಕಿ. ಫ್ಲೋಟ್ ಎತ್ತರ ಅಳೆಯುವುದು ತಲೆಕೆಳಗು ಇಟ್ಟು, ಗ್ಯಾಸ್ಕೆಟ್ ಮುಖದಿಂದ. ಎಷ್ಟು ಮಿಲಿಮೀಟರ್ ಎಂಬುದು ಮಾದರಿಗೆ ತಕ್ಕಂತೆ, ಕೈಪಿಡಿಯಲ್ಲಿದೆ. ಬಗ್ಗಿಸುವಾಗ ನಾಲಗೆಯಂಥ ಸಣ್ಣ ತಗಡನ್ನು ಮಾತ್ರ ಬಗ್ಗಿಸಿ, ನೀಡಲನ್ನು ಸೀಟ್‌ಗೆ ಒತ್ತಿ ಹಿಡಿದು ಬಗ್ಗಿಸಬೇಡಿ.

ಪೈಲಟ್ ಸ್ಕ್ರೂ ಎಷ್ಟು ಸುತ್ತು ಬಿಡಬೇಕು?

ಬಿಚ್ಚುವಾಗ ಬರೆದಿಟ್ಟ ಲೆಕ್ಕದಿಂದ ಶುರು ಮಾಡಿ. ಅದು ಇಲ್ಲದಿದ್ದರೆ ಕೈಪಿಡಿಯದ್ದು. ಎರಡೂ ಇಲ್ಲದಿದ್ದರೆ ಹಗುರಾಗಿ ತಳ ಮುಟ್ಟಿಸಿ ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟು ಸ್ಟಾರ್ಟ್ ಮಾಡಿ, ಅಲ್ಲಿಂದ ಹೊಂದಿಸಿ. ಸ್ಕ್ರೂ ಥ್ರಾಟಲ್ ತಟ್ಟೆಗಿಂತ ಇಂಜಿನ್ ಕಡೆಗಿದ್ದರೆ ಒಳಕ್ಕೆ ತಿರುಗಿಸಿದಾಗ ಪೆಟ್ರೋಲ್ ಕಡಿಮೆಯಾಗುತ್ತದೆ. ಗಾಳಿಯ ಬಾಯಿ ಕಡೆಗಿದ್ದರೆ ಒಳಕ್ಕೆ ತಿರುಗಿಸಿದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚುತ್ತದೆ.

ಇಂಜಿನ್ ಬಿಸಿಯಾದ ಮೇಲೆ, ದೋಣಿಯನ್ನು ಕಟ್ಟಿ ಹಾಕಿ, ನೀರಿನಲ್ಲಿ, ಗೇರ್ ಹಾಕಿಯೇ ಹೊಂದಿಸಬೇಕು. ಎಂಟನೇ ಒಂದು ಸುತ್ತಿನಷ್ಟು ತಿರುಗಿಸಿ, ಇಂಜಿನ್ ಉತ್ತರ ಕೊಡುವವರೆಗೆ ಕಾಯಿರಿ. ನಿಧಾನ ಓಟ ಅತ್ಯಂತ ನಯವಾದ ಜಾಗ ಸಿಕ್ಕಿದ ಮೇಲೆ ಸ್ವಲ್ಪವೇ ಪೆಟ್ರೋಲ್ ಹೆಚ್ಚಾಗುವ ಕಡೆಗೆ ಬಿಡಿ. ಹ್ಯಾಂಡಲ್ ಒಮ್ಮೆಲೇ ತಿರುಗಿಸಿದಾಗ ಕೆಮ್ಮದೆ ಏಳಬೇಕು.

ಡ್ರಮ್‌ನಲ್ಲಿ ಚೆಂದ ಓಡ್ತದೆ, ಹೊಳೆಗೆ ಇಳಿಸಿದ್ರೆ ಎಳೆತವೇ ಇಲ್ಲ.

ಡ್ರಮ್‌ನಲ್ಲಿ ಇಂಜಿನ್‌ಗೆ ಹೊರೆ ಇಲ್ಲ, ಹಾಗಾಗಿ ಮೇನ್ ಜೆಟ್‌ನ ಪರೀಕ್ಷೆಯೇ ಆಗುವುದಿಲ್ಲ. ನೀರಿಲ್ಲದೆ ಓಡಿಸಿದರೆ ನೀರಿನ ಪಂಪಿನ ಇಂಪೆಲ್ಲರ್ (ರಬ್ಬರ್ ಚಕ್ರ) ಸುಡುತ್ತದೆ, ಅದಕ್ಕೆ ನೀರು ತುಂಬಿದ ಡ್ರಮ್ ಬೇಕು ಅಷ್ಟೆ. ಪ್ರೊಪೆಲ್ಲರ್ ಕಳಚಿ, ನ್ಯೂಟ್ರಲ್‌ನಲ್ಲಿ ಓಡಿಸಿ, ಹಿಂದಿನ ತೂತಿನಿಂದ ನೀರು ಹಾರುತ್ತಿದೆಯೇ ನೋಡಿ.

ನಿಜವಾದ ಪರೀಕ್ಷೆಗೆ ಉದ್ಯಾವರ ಹೊಳೆ, ಕೋಡಿಬೆಂಗ್ರೆಯ ಒಳಭಾಗದಂಥ ಶಾಂತ ನೀರಿಗೆ ಹೋಗಿ. ಅಳಿವೆಯಿಂದ ಹೊರಗೆ ಬೇಡ, ಒಬ್ಬರೇ ಬೇಡ, ಲೈಫ್ ಜಾಕೆಟ್ ಮತ್ತು ಹುಟ್ಟು ಜೊತೆಗಿರಲಿ. ಪೂರ್ತಿ ವೇಗದಲ್ಲಿ ಕೆಲವು ನಿಮಿಷ ಓಡಿಸಿ, ವೇಗ ಇಳಿಸದೆ ಅಲ್ಲೇ ನಿಲ್ಲಿಸಿ, ಪ್ಲಗ್ ಬಿಚ್ಚಿ. ಕಾಫಿ ಕಂದು ಬಣ್ಣ ಇದ್ದರೆ ಸರಿ. ಸುಣ್ಣದ ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಮತ್ತೆ ಸ್ಟಾರ್ಟ್ ಮಾಡದೆ ಹುಟ್ಟು ಹಾಕಿಕೊಂಡು ಬನ್ನಿ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲ್ ಹೆಚ್ಚು.

## ಕೈ ಪಳಗಿದವರಿಗೆ

ಅಜ್ಜನ ಕಾಲದ ಜಾನ್ಸನ್ ಇಂಜಿನ್ ಉಂಟು. ಅದನ್ನು ಎಬ್ಬಿಸಬಹುದಾ?

ಎಬ್ಬಿಸಬಹುದು, ಎಬ್ಬಿಸಿ ಎಂದೇ ಹೇಳುತ್ತೇನೆ. ಜಾನ್ಸನ್ ಮತ್ತು ಎವಿನ್‌ರೂಡ್ ಒಂದೇ ಕಂಪೆನಿಯ ಕೈಯಲ್ಲಿದ್ದವು. ಆ ಕಂಪೆನಿ 2000ದ ಡಿಸೆಂಬರ್‌ನಲ್ಲಿ ದಿವಾಳಿಯಾಯಿತು, ಆಮೇಲೆ ಕೊಂಡವರು 2020ರಲ್ಲಿ ಎವಿನ್‌ರೂಡ್ ತಯಾರಿಕೆಯನ್ನೂ ನಿಲ್ಲಿಸಿದರು. ಹಾಗಿದ್ದರೂ ಕಾರ್ಬೊರೇಟರ್ ಕಿಟ್‌ಗಳನ್ನು ಬೇರೆ ತಯಾರಕರು ಮಾಡುತ್ತಾರೆ.

ಗಮನಿಸಬೇಕಾದ್ದು ಫ್ಲೋಟ್. ಹಳೆಯವುಗಳಲ್ಲಿ ಅದು ಕಾರ್ಕ್, ಮೇಲೆ ಅರಗಿನ ವಾರ್ನಿಶ್. ಅರಗು ಆಲ್ಕೋಹಾಲ್‌ಗೆ ಕರಗುತ್ತದೆ, ಎಥನಾಲ್ ಎಂದರೆ ಆಲ್ಕೋಹಾಲೇ. ಲೇಪ ಹೋದ ಕಾರ್ಕ್ ಪೆಟ್ರೋಲ್ ಹೀರಿ ಮುಳುಗುತ್ತದೆ, ಕರಗಿದ ಅರಗು ಜೆಟ್‌ನಲ್ಲಿ ಕೂರುತ್ತದೆ. ಪ್ಲಾಸ್ಟಿಕ್ ಫ್ಲೋಟ್ ಸಿಕ್ಕಿದರೆ ಬದಲಿಸಿ. ರಬ್ಬರ್ ಪೈಪ್, ಡಯಾಫ್ರಾಮ್ ಕೂಡ ಎಥನಾಲ್ ತಡೆಯುವಂಥದ್ದೇ ಆಗಬೇಕು. ಹಳೆ ಪೈಪ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ಪದರ ಬಿಟ್ಟುಕೊಂಡು ದಾರಿ ಮುಚ್ಚುತ್ತದೆ.

ಕಾರ್ಬೊರೇಟರ್ ಬಾಯಿಯಿಂದ ಪೆಟ್ರೋಲ್ ಹಿಂದಕ್ಕೆ ಹಾರ್ತದೆ, ಯಾಕೆ?

ಇದು ಕಾರ್ಬೊರೇಟರ್ ದೋಷ ಅಲ್ಲ. ಅದರ ಹಿಂದೆ ಇರುವ, ಗಾಳಿಯನ್ನು ಒಳಗೆ ಮಾತ್ರ ಬಿಡುವ ರೀಡ್ ವಾಲ್ವ್‌ನ ತೆಳು ತಗಡು ತುಂಡಾಗಿದೆ ಅಥವಾ ಪೂರ್ತಿ ಮುಚ್ಚುತ್ತಿಲ್ಲ. ತುಂಡು ಇಂಜಿನ್ ಒಳಗೆ ಹೋಗಿರಬಹುದು, ಅದು ಎಲ್ಲಿದೆ ಎಂದು ತಿಳಿಯುವವರೆಗೆ ಹಗ್ಗ ಎಳೆಯಬೇಡಿ.

ಎರಡು ಕಾರ್ಬೊರೇಟರ್ ಇರುವ ಇಂಜಿನ್. ಒಂದನ್ನು ತೊಳೆದ ಮೇಲೆ ನಡುಗ್ತಾ ಉಂಟು.

ಒಂದನ್ನು ತೊಳೆದರೆ ಇನ್ನೊಂದನ್ನೂ ತೊಳೆಯಬೇಕು. ಆಮೇಲೆ ನಡುವಿನ ಲಿಂಕ್ ಸಡಿಲಿಸಿ, ಎರಡೂ ಥ್ರಾಟಲ್ ತಟ್ಟೆಗಳು ಪೂರ್ತಿ ಮುಚ್ಚಿದ ಸ್ಥಿತಿಯಲ್ಲಿ ಲಿಂಕ್ ಬಿಗಿಯಿರಿ. ಹ್ಯಾಂಡಲ್ ತಿರುಗಿಸಿದಾಗ ಎರಡೂ ಒಂದೇ ಕ್ಷಣ ಕದಲಬೇಕು, ಬೆರಳನ್ನು ಮೃದುವಾಗಿ ಇಟ್ಟರೆ ಗೊತ್ತಾಗುತ್ತದೆ. ಕಿಡಿಯ ಟೈಮಿಂಗ್ ಕೂಡ ಇದೇ ಲಿಂಕ್‌ಗೆ ಜೋಡಿಸಿರುವ ಇಂಜಿನ್‌ಗಳಲ್ಲಿ ಕೈಪಿಡಿ ಇಲ್ಲದೆ ಮುಂದುವರಿಯಬೇಡಿ.

25 ಎಚ್‌ಪಿ ಇಂಜಿನ್ ಮಳೆಗಾಲ ಪೂರ್ತಿ ಮೂಲೆಯಲ್ಲಿ ಇರ್ತದೆ. ಆಗಸ್ಟ್‌ನಲ್ಲಿ ಪ್ರತಿ ವರ್ಷ ಕಾರ್ಬೊರೇಟರ್ ಕಟ್ಟಿರ್ತದೆ.

ಮೇ ಕೊನೆಗೆ ಸಿಹಿನೀರಿನಲ್ಲಿ ಓಡಿಸಿ ಉಪ್ಪು ತೊಳೆದ ಮೇಲೆ ಬೌಲ್‌ನ ಡ್ರೈನ್ ಸ್ಕ್ರೂ ತೆಗೆದು ಕೊನೆಯ ಹನಿವರೆಗೂ ಇಳಿಸಿ. ಪೈಪ್ ಕಳಚಿ ಇಂಜಿನ್ ನಿಲ್ಲುವವರೆಗೆ ಓಡಿಸಿದರೂ ಬೌಲ್ ತಳದಲ್ಲಿ ಸ್ವಲ್ಪ ಉಳಿಯುತ್ತದೆ, ಗಟ್ಟಿ ಅಂಟಾಗುವುದು ಅದೇ. ಪ್ಲಗ್ ತೂತಿನಿಂದ ಸ್ವಲ್ಪ ಟು-ಸ್ಟ್ರೋಕ್ ಆಯಿಲ್ ಹಾಕಿ ಹಗ್ಗವನ್ನು ಮೆಲ್ಲ ಎಳೆಯಿರಿ. ಇಂಜಿನ್ ನೇರ ನಿಂತಿರಲಿ. ಕಾರ್ಬೊರೇಟರ್ ಬಾಯಿ ಮತ್ತು ತೆರೆದ ನಳಿಕೆಗಳನ್ನು ಬಟ್ಟೆಯಿಂದ ಮುಚ್ಚಿ, ಇಲ್ಲವಾದರೆ ಕುಂಬಾರ ಹುಳು ಮಣ್ಣು ತಂದು ಗೂಡು ಕಟ್ಟುತ್ತದೆ. ಬಟ್ಟೆಗೆ ಕೆಂಪು ರಿಬ್ಬನ್ ಕಟ್ಟಿ, ಆಗಸ್ಟ್‌ನ ಗಡಿಬಿಡಿಯಲ್ಲೂ ಕಾಣುತ್ತದೆ.

ಇ20 ಪೆಟ್ರೋಲ್‌ಗೆ ಹಳೆ ಇಂಜಿನ್‌ನ ಜೆಟ್ ದೊಡ್ಡದು ಮಾಡಬೇಕಾ?

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20ಗೆ (ನೂರಕ್ಕೆ 20 ಪಾಲು ಎಥನಾಲ್ ಇರುವ ಪೆಟ್ರೋಲ್) ಚಾಲನೆ ಸಿಕ್ಕಿದಾಗಿನಿಂದ ಈ ಪ್ರಶ್ನೆ ಬರುತ್ತಿದೆ, ನ್ಯಾಯವಾದ ಪ್ರಶ್ನೆ. ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು, ಎಥನಾಲ್‌ಗೆ 9 ಕಿಲೊ ಸಾಕು. ಹಾಗಾಗಿ ಶುದ್ಧ ಪೆಟ್ರೋಲ್‌ಗೆ ಅಳೆದಿಟ್ಟ ಜೆಟ್‌ನಲ್ಲಿ ಇ20 ಓಡಿಸಿದರೆ ಮಿಶ್ರಣ ತೆಳುವಾಗುತ್ತದೆ. ಅದರ ಅಪಾಯ ಮೇಲೆ ಹೇಳಿದ್ದೇನೆ.

ಮೊದಲು ಕಾರ್ಬೊರೇಟರ್ ಪೂರ್ತಿ ಶುಚಿ ಇದೆ, ಗಾಳಿ ಸೋರಿಕೆ ಇಲ್ಲ, ಪೈಪ್-ಪಂಪ್ ಸರಿ ಇದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಹೊರೆಯಲ್ಲಿ ಓಡಿಸಿ ಪ್ಲಗ್ ನೋಡಿ. ಎಲ್ಲ ಸರಿ ಇದ್ದೂ ಬಿಳುಚಿಕೊಂಡೇ ಇದ್ದರೆ ಅದೇ ತಯಾರಕರ ಒಂದು ಮೆಟ್ಟಿಲು ದೊಡ್ಡ ಮೇನ್ ಜೆಟ್ ಹಾಕಿ, ಮತ್ತೆ ನೋಡಿ. ಮಿಕುನಿ ಜೆಟ್‌ನ ಸಂಖ್ಯೆಯನ್ನು ಕೇಹಿನ್ ಸಂಖ್ಯೆಗೆ ಹೋಲಿಸಬೇಡಿ, ಇಬ್ಬರು ತಯಾರಕರು ಅಳೆಯುವ ಕ್ರಮವೇ ಬೇರೆ. ಇದ್ದ ಜೆಟ್‌ಗೆ ಡ್ರಿಲ್ ಹಾಕಬೇಡಿ. ಹಳೆ ಜೆಟ್ ಅನ್ನು ಚೀಟಿ ಬರೆದು ಪೊಟ್ಟಣ ಕಟ್ಟಿ ಇಡಿ, ಸೀಮೆಎಣ್ಣೆಗೂ ಅದೇ ಕಾರ್ಬೊರೇಟರ್ ಬಳಸುವ ಇಂಜಿನ್‌ನಲ್ಲಿ ದೊಡ್ಡ ಜೆಟ್ ಹಾಕಿದ ಮೇಲೆ ಸೀಮೆಎಣ್ಣೆ ಓಟದ ಪ್ಲಗ್ ಬಣ್ಣವನ್ನೂ ಬೇರೆಯಾಗಿ ನೋಡಬೇಕಾಗುತ್ತದೆ.